ನೂರು ಹಾಡು, ಒಂದು ತಾರೀಖು

2017ರ ಜನವರಿ 26, ಗುರುವಾರ. ಆಸ್ಟ್ರೇಲಿಯಾದಲ್ಲಿ ಅದು ನಡುಬೇಸಿಗೆ, ಮೇಲಾಗಿ ರಾಷ್ಟ್ರೀಯ ರಜೆ. ಊರೂರಿನ ಹಿತ್ತಿಲುಗಳಲ್ಲಿ ಬಾರ್ಬೆಕ್ಯೂ ಒಲೆಗಳು ಹೊತ್ತಿಕೊಂಡಿದ್ದವು. ಐಸ್ ತುಂಬಿದ ಪೆಟ್ಟಿಗೆಗಳ ಸುತ್ತ ಗೆಳೆಯರ ಗುಂಪು, ಪಕ್ಕದಲ್ಲೊಂದು ರೇಡಿಯೊ. ಟ್ರಿಪಲ್ ಜೆ ಎಂಬ ಸ್ಟೇಷನ್ ಮಧ್ಯಾಹ್ನದಿಂದ ನೂರು ಹಾಡುಗಳನ್ನು ತಲೆಕೆಳಗಿನ ಕ್ರಮದಲ್ಲಿ ಕೇಳಿಸುತ್ತಿತ್ತು: ಮೊದಲು ನೂರನೆಯದು, ಆಮೇಲೆ ತೊಂಬತ್ತೊಂಬತ್ತು, ತೊಂಬತ್ತೆಂಟು. ಹಿಂದಿನ ವರ್ಷ ಬಂದ ಹಾಡುಗಳಲ್ಲಿ ಕೇಳುಗರು ಮತ ಹಾಕಿ ಆರಿಸಿದ ಈ ನೂರರ ಪಟ್ಟಿಗೆ 'ಹಾಟೆಸ್ಟ್ 100' ಎಂದು ಹೆಸರು. ಮೊದಲ ಸ್ಥಾನ ಯಾರಿಗೆ ಎಂದು ತಿಳಿಯಲು ಸಂಜೆಯವರೆಗೆ ಕಾಯಬೇಕು.

ಬಿಸಿಲು ಇಳಿಯುವ ಹೊತ್ತಿಗೆ ಹದಿನಾರನೆಯ ಸ್ಥಾನದ ಹಾಡು ಬಂತು. ಹಾಡಿನ ಹೆಸರೇ 'ಜನವರಿ 26'. ಹಾಡಿದ್ದು ಎ.ಬಿ. ಒರಿಜಿನಲ್ ಎಂಬ ಜೋಡಿ: ಯೋರ್ಟಾ ಯೋರ್ಟಾ ಬುಡಕಟ್ಟಿನ ಬ್ರಿಗ್ಸ್ ಮತ್ತು ನರಿಂಜೆರಿ ಬುಡಕಟ್ಟಿನ ಟ್ರಯಲ್ಸ್. ಇಬ್ಬರೂ ರ‍್ಯಾಪ್ ಗಾಯಕರು, ಇಬ್ಬರೂ ಆ ನೆಲದ ಮೂಲನಿವಾಸಿಗಳು. ಜತೆಗೆ ದನಿಗೂಡಿಸಿದ್ದವರು ಡ್ಯಾನ್ ಸುಲ್ತಾನ್. ನಮ್ಮ ನೆಲ ನಮ್ಮ ಕೈತಪ್ಪಿದ ದಿನವನ್ನು ನೀವು ಹಬ್ಬ ಮಾಡುವುದು ಹೇಗೆ ಎಂಬುದೇ ಹಾಡಿನ ಪ್ರಶ್ನೆ. ಆ ದಿನದ ಔತಣದ ನಡುವೆಯೇ, ಆ ಔತಣಕ್ಕೆ ಸೇರಿದ ಜನರ ಮತದಿಂದಲೇ, ಆ ಪ್ರಶ್ನೆ ಹಿತ್ತಿಲು ಹಿತ್ತಿಲಿಗೂ ತಲುಪಿತು.

ಮೆಚ್ಚಿನ ಹಾಡುಗಳ ಒಂದು ಪಟ್ಟಿ ದೇಶದ ಚರಿತ್ರೆಯ ಗಾಯಕ್ಕೇ ಕೈಹಾಕುತ್ತದೆ ಎಂದು ಅದನ್ನು ಶುರುಮಾಡಿದವರು ಎಣಿಸಿರಲಾರರು. ಇಷ್ಟು ವರ್ಷ ಅದು ಬಾಳಿದ್ದಕ್ಕೆ ಒಳ್ಳೆಯ ಹಾಡುಗಳು ಕಾರಣವಲ್ಲ. ಪಟ್ಟಿಯಲ್ಲಿ ಸಾಧಾರಣ ಹಾಡುಗಳೂ ಧಾರಾಳವಾಗಿವೆ. ಕೇಳುಗರ ಮತವನ್ನು ಒಂದು ಬಾನುಲಿ ನಿಜಕ್ಕೂ ಎಣಿಸಿತು, ಎಣಿಕೆಯಿಂದ ಮುಜುಗರವಾದಾಗಲೂ ಫಲಿತಾಂಶವನ್ನು ಹಾಗೆಯೇ ಮುಂದಿಟ್ಟಿತು. ಹಾಗಾಗಿಯೇ ಅದು ಬಾಳಿತು ಎಂದು ನಾನು ನಂಬಿದ್ದೇನೆ.

ಸ್ಟೇಷನ್ನಿನ ಹುಟ್ಟಿನಿಂದಲೇ ಶುರುಮಾಡಬೇಕು. ಗಾಫ್ ವಿಟ್ಲಮ್ ಪ್ರಧಾನಿಯಾಗಿದ್ದ ಕಾಲದಲ್ಲಿ, 1975ರ ಜನವರಿ 19ರಂದು, ಆಸ್ಟ್ರೇಲಿಯಾದ ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿ ಸಿಡ್ನಿಯಲ್ಲಿ ಯುವಜನರಿಗಾಗಿ ಡಬಲ್ ಜೆ ಎಂಬ ಸ್ಟೇಷನ್ ತೆರೆಯಿತು. ಮೊದಲು ಹಾಕಿದ ಹಾಡು ಸ್ಕೈಹುಕ್ಸ್ ತಂಡದ್ದು. ಅದರ ಮಾತುಗಳು ಪೋಲಿಯಾದವು ಎಂದು ಖಾಸಗಿ ಸ್ಟೇಷನ್ನುಗಳು ಅದನ್ನು ನಿಷೇಧಿಸಿದ್ದವು. ಯಾರೂ ಹಾಕದ ಹಾಡು ಇಲ್ಲಿ ಸಿಗುತ್ತದೆ ಎಂಬುದನ್ನು ಮೊದಲ ನಿಮಿಷದಲ್ಲೇ ಸಾರಿದಂತಾಯಿತು. 1980ರಲ್ಲಿ ಡಬಲ್ ಜೆ ಎಫ್‌ಎಂಗೆ ದಾಟಿ ಟ್ರಿಪಲ್ ಜೆ ಆಯಿತು. 1989ರಲ್ಲಿ ಉಳಿದ ರಾಜಧಾನಿ ನಗರಗಳಿಗೂ, ತೊಂಬತ್ತರ ದಶಕದಲ್ಲಿ ಒಳನಾಡಿನ ಸಣ್ಣ ಊರುಗಳಿಗೂ ಹಬ್ಬಿತು. ತೆರಿಗೆದಾರರ ದುಡ್ಡಿನಿಂದ ನಡೆಯುವ ಸ್ಟೇಷನ್ ಇದು, ಜಾಹೀರಾತು ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಾನುಲಿಗೂ ಕೇಳುಗರ ಕಾಗದಕ್ಕೂ ಇರುವ ನಂಟು ಕನ್ನಡಿಗರಿಗೆ ಹೊಸದೇನಲ್ಲ. 'ಆಕಾಶವಾಣಿ' ಎಂಬ ಹೆಸರೇ ಮೈಸೂರಿನದು, ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಅಲ್ಲಿ ಶುರುಮಾಡಿದ ಬಾನುಲಿಯ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 1952ರಲ್ಲಿ ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಚಿತ್ರಗೀತೆಗಳನ್ನು ಆಕಾಶವಾಣಿಯಿಂದ ದೂರವಿಟ್ಟಾಗ ಜನ ಗುಂಡಿ ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಅದೇ ವರ್ಷದ ಡಿಸೆಂಬರ್ 3ರಂದು ಅಲ್ಲಿ ಅಮೀನ್ ಸಯಾನಿಯವರ ದನಿಯಲ್ಲಿ 'ಬಿನಾಕಾ ಗೀತ್‌ಮಾಲಾ' ಮೊದಲಾಯಿತು. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊ ಇದ್ದ ಮನೆಗೆ ಇಲ್ಲದ ಮನೆಯವರೆಲ್ಲ ಬಂದು ಕೂರುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ಕೇಳುಗರಿಂದ ಬಂದ ಕಾಗದಗಳ ರಾಶಿ, ವರ್ಷದ ಕೊನೆಗೆ ಆ ವರ್ಷದ ಹಾಡುಗಳ ಪಟ್ಟಿ, ಎಲ್ಲ ಅದರಲ್ಲೂ ಇತ್ತು. ಆದರೆ ಗೀತ್‌ಮಾಲಾದ ಲೆಕ್ಕದಲ್ಲಿ ರೆಕಾರ್ಡ್ ಅಂಗಡಿಗಳ ಮಾರಾಟವೂ ಸೇರುತ್ತಿತ್ತು, ಹಿಂದೆ ಟೂತ್‌ಪೇಸ್ಟ್ ಕಂಪನಿಯೂ ಇತ್ತು. ಆಸ್ಟ್ರೇಲಿಯಾದ್ದು ಕೇಳುಗರ ಮತವೊಂದನ್ನೇ ನಂಬಿದ ಲೆಕ್ಕ.

ಈ ಲೆಕ್ಕದ ಯೋಚನೆ ಟ್ರಿಪಲ್ ಜೆಯ ಲಾರಿ ಜಯಾನ್ ಎಂಬ ನಿರ್ಮಾಪಕರದು. ಪೂರ್ತಿ ಹೊಸದೆಂದು ಹೇಳಲಾಗದು. ಬ್ರಿಸ್ಬೇನಿನ 4ಝಡ್‌ಝಡ್‌ಝಡ್ ಎಂಬ ಸಮುದಾಯ ಬಾನುಲಿ ಎಪ್ಪತ್ತರ ದಶಕದಿಂದಲೇ 'ಹಾಟ್ 100' ನಡೆಸುತ್ತಿತ್ತು. ಟ್ರಿಪಲ್ ಜೆ ಕೂಡ ಮೊದಲು ಅದೇ ಹೆಸರು ಇಟ್ಟುಕೊಂಡಿತ್ತು. ಬ್ರಿಸ್ಬೇನಿನವರು ಆಕ್ಷೇಪಿಸಿದ ಮೇಲೆ 'ಹಾಟೆಸ್ಟ್' ಆಯಿತು. ಮೊದಲ ಪಟ್ಟಿ ಪ್ರಸಾರವಾದದ್ದು 1989ರ ಮಾರ್ಚ್ 5ರಂದು. ಕೇಳುಗರು ತಮಗೆ ಮೆಚ್ಚಿನ ಹತ್ತು ಹಾಡುಗಳನ್ನು ಲಕೋಟೆಯ ಬೆನ್ನ ಮೇಲೆ ಬರೆದು ಅಂಚೆಗೆ ಹಾಕಬೇಕಿತ್ತು. ಲಕೋಟೆ ಬಿಚ್ಚುವ ಕೆಲಸವೂ ಉಳಿಯಿತು, ಬೆನ್ನು ನೋಡಿದರೆ ಸಾಕು. ಯಾವ ಕಾಲದ ಹಾಡಾದರೂ ನಡೆಯುತ್ತಿತ್ತು.

ಆ ವರ್ಷ ಮೊದಲು ಬಂದದ್ದು ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ತಂಡದ 'ಲವ್ ವಿಲ್ ಟೇರ್ ಅಸ್ ಅಪಾರ್ಟ್'. ಅದನ್ನು ಹಾಡಿದ ಇಯಾನ್ ಕರ್ಟಿಸ್ 1980ರ ಮೇ ತಿಂಗಳಲ್ಲಿ, ಇಪ್ಪತ್ಮೂರರ ವಯಸ್ಸಿನಲ್ಲಿ, ತನ್ನ ಜೀವ ತಾನೇ ಕಳೆದುಕೊಂಡಿದ್ದ. ಅವನಿಲ್ಲವಾಗಿ ಸುಮಾರು ಒಂಬತ್ತು ವರ್ಷವಾದ ಮೇಲೆ ಭೂಮಿಯ ಇನ್ನೊಂದು ತುದಿಯ ಹುಡುಗ ಹುಡುಗಿಯರು ಅವನ ಹಾಡನ್ನು ತಮ್ಮ ಹಾಡೆಂದರು. ಮರುವರ್ಷವೂ ಅದೇ ಹಾಡೇ ಮೊದಲು. 1991ರಲ್ಲಿ ನಿರ್ವಾಣ ತಂಡದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಅದನ್ನು ಕೆಳಗಿಳಿಸಿತು. ಆದರೂ ಪಟ್ಟಿಯ ಉದ್ದಕ್ಕೂ ವರ್ಷ ವರ್ಷವೂ ಅವೇ ಹಾಡುಗಳು ತಲೆಹಾಕುತ್ತಿದ್ದವು. ಸಾರ್ವಕಾಲಿಕ ಮೆಚ್ಚುಗೆ ಎಂದ ಮೇಲೆ ಅದು ವರ್ಷಕ್ಕೊಮ್ಮೆ ಬದಲಾಗುವುದಾದರೂ ಹೇಗೆ? 1992ರಲ್ಲಿ ಪಟ್ಟಿಯೇ ಬರಲಿಲ್ಲ.

1993ರಲ್ಲಿ ಅದು ಹೊಸ ನಿಯಮದೊಡನೆ ಮರಳಿತು: ಆ ವರ್ಷ ಬಂದ ಹಾಡುಗಳಿಗಷ್ಟೇ ಮತ. ಈ ಲೇಖನದಲ್ಲಿ ಬರುವ ತೀರ್ಮಾನಗಳಲ್ಲೆಲ್ಲ ಇದೇ ದೊಡ್ಡದು ಎನ್ನುತ್ತೇನೆ. ಮನೆಯ ಬಾಗಿಲವಾಡದ ಮೇಲೆ ಹುಟ್ಟುಹಬ್ಬಕ್ಕೊಮ್ಮೆ ಮಕ್ಕಳ ಎತ್ತರ ಗುರುತು ಹಾಕುವ ಹಾಗೆ, ಅಂದಿನಿಂದ ಆ ದೇಶದ ಯುವಜನರ ಕಿವಿಯ ಬೆಳವಣಿಗೆಗೆ ವರ್ಷಕ್ಕೊಂದು ಗೆರೆ ಬೀಳತೊಡಗಿತು. ಗೆರೆ ಅಳಿಸಿ ತಿದ್ದುವ ಹಾಗಿಲ್ಲ. ಹೊಸ ನಿಯಮದ ಮೊದಲ ವರ್ಷವೇ ಗೆದ್ದದ್ದು ಅಮೆರಿಕದ ಹಾಸ್ಯಗಾರ ಡೆನಿಸ್ ಲಿಯರಿಯ ಹಾಡು. ಅದರ ಶೀರ್ಷಿಕೆಯೇ ಒಂದು ಬೈಗುಳ. ಸ್ಟೇಷನ್ ಅದನ್ನೂ ಮೊದಲ ಸ್ಥಾನದಲ್ಲೇ ಕೇಳಿಸಿತು. ಮರುವರ್ಷ ಗೆದ್ದ ಐರ್ಲೆಂಡಿನ ಕ್ರ್ಯಾನ್‌ಬೆರೀಸ್ ತಂಡದ 'ಝಾಂಬಿ' ಅದಕ್ಕೆ ಪೂರ್ತಿ ವಿರುದ್ಧ ಬಗೆಯದು. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ವಾರಿಂಗ್ಟನ್ ಪಟ್ಟಣದಲ್ಲಿ ಬಾಂಬು ಸಿಡಿದು ಇಬ್ಬರು ಹುಡುಗರು ಸತ್ತ ಸಂಕಟದಲ್ಲಿ ಡೊಲೊರೆಸ್ ಒ'ರಿಯೊರ್ಡನ್ ಬರೆದು ಹಾಡಿದ ಹಾಡು ಅದು. ಹಾಸ್ಯಗಾರನ ಬೈಗುಳಕ್ಕೂ ಸತ್ತ ಮಕ್ಕಳ ಶೋಕಕ್ಕೂ ಒಂದೇ ತಕ್ಕಡಿ. ಜನರ ಮತ ಅಂದರೆ ಹಾಗೆಯೇ.

ಅಲ್ಲಿಯವರೆಗೆ ಗೆದ್ದವರೆಲ್ಲ ಹೊರದೇಶದವರು. ಸ್ವದೇಶಿ ತಂಡ ಮೊದಲು ಬರಲು 1996ರವರೆಗೆ ಕಾಯಬೇಕಾಯಿತು. ಬಂದದ್ದು ಎಲ್ಲಿಂದ? ಸಿಡ್ನಿಯಿಂದಲೂ ಅಲ್ಲ, ಮೆಲ್ಬರ್ನ್‌ನಿಂದಲೂ ಅಲ್ಲ; ನ್ಯೂ ಸೌತ್ ವೇಲ್ಸ್‌ನ ದಕ್ಷಿಣದ ಬಯಲುಸೀಮೆಯ ಫಿನ್ಲಿ ಎಂಬ ಪುಟ್ಟ ಊರಲ್ಲಿ ಒಟ್ಟಿಗೆ ಬೆಳೆದ ಮೂವರ ಸ್ಪೈಡರ್‌ಬೈಟ್ ತಂಡ. ಹಾಡು 'ಬೈ ಮಿ ಎ ಪೋನಿ', ಪೂರ್ತಿ ಎರಡು ನಿಮಿಷವೂ ಇಲ್ಲ. ಹೊಸ ಹುಡುಗರನ್ನು ಹೊಗಳಿ ಅಟ್ಟಕ್ಕೇರಿಸುವ ಸಂಗೀತ ವ್ಯಾಪಾರಿಗಳ ಮೇಲಿನ ಸಿಟ್ಟು ಅಷ್ಟರಲ್ಲೇ ಮುಗಿಯುತ್ತದೆ. ಈ ಗೆಲುವು ಆಕಸ್ಮಿಕವಲ್ಲ. ಅಷ್ಟರಲ್ಲಿ ಟ್ರಿಪಲ್ ಜೆಯ ಗೋಪುರಗಳು ಹಳ್ಳಿನಾಡನ್ನು ಮುಟ್ಟಿದ್ದವು. 1995ರಿಂದ 'ಅನರ್ತ್ಡ್' ಎಂಬ ಹೆಸರಿನಲ್ಲಿ ಸ್ಟೇಷನ್ ಊರೂರು ಸುತ್ತಿ, ಯಾರೂ ಕೇಳದ ತಂಡಗಳ ಕ್ಯಾಸೆಟ್ಟುಗಳನ್ನು ತರಿಸಿಕೊಂಡು, ಆರಿಸಿದವನ್ನು ಪ್ರಸಾರ ಮಾಡುತ್ತಿತ್ತು. ಲಿಸ್ಮೋರಿನ ಗ್ರಿನ್ಸ್ಪೂನ್ ಹಾಗೆ ಹೊರಬಂದ ಮೊದಲ ತಂಡ. ತಮ್ಮೂರಿನ ಹುಡುಗರ ಹಾಡು ರೇಡಿಯೊದಲ್ಲಿ ಬಂದರೆ ಆ ಊರು ಲಕೋಟೆ ಕಳಿಸದೆ ಇರುತ್ತದೆಯೇ?

ಆಮೇಲೆ ಸ್ವದೇಶಿ ಹಾಡುಗಳ ಕಾಲ. 1999 ಮತ್ತು 2000, ಎರಡೂ ವರ್ಷ ಬ್ರಿಸ್ಬೇನಿನ ಪೌಡರ್‌ಫಿಂಗರ್. 2011ರಲ್ಲಿ ಗೊಟಿಯೆ. ಬೆಲ್ಜಿಯಂನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದ ಈತ ಮಾರ್ನಿಂಗ್ಟನ್ ಪರ್ಯಾಯದ್ವೀಪದಲ್ಲಿದ್ದ ತನ್ನ ತಂದೆತಾಯಿಯ ಮನೆಯ ಕೊಟ್ಟಿಗೆಯನ್ನೇ ಸ್ಟುಡಿಯೊ ಮಾಡಿಕೊಂಡು, ಬ್ರೆಜಿಲಿನ ಲೂಯಿಜ್ ಬೊನ್‌ಫಾ ನುಡಿಸಿದ ಹಳೆಯ ಗಿಟಾರ್ ತುಣುಕೊಂದನ್ನು ಹಿಡಿದು 'ಸಮ್‌ಬಡಿ ದಟ್ ಐ ಯೂಸ್ಡ್ ಟು ನೋ' ಕಟ್ಟಿದ. ಟ್ರಿಪಲ್ ಜೆ ಕೇಳುಗರು ಅದನ್ನು ಮೊದಲಿಗಿಟ್ಟ ಮರುವರ್ಷ ಜಗತ್ತೆಲ್ಲ ಅದನ್ನೇ ಗುನುಗುತ್ತಿತ್ತು. 2013ರಲ್ಲಿ ಗ್ರ್ಯಾಮಿಯೂ ಬಂತು.

ಈ ನಡುವೆ ಲಕೋಟೆ ಹೋಗಿ ಫೋನು ಬಂತು, ಫೋನು ಹೋಗಿ ಇಂಟರ್ನೆಟ್ ಬಂತು. ಒಬ್ಬರಿಗೆ ಹತ್ತು ಮತ ಎಂಬುದು ಮಾತ್ರ ಉಳಿಯಿತು. ಹತ್ತರಲ್ಲಿ ಮೇಲುಕೀಳಿಲ್ಲ, ಎಲ್ಲಕ್ಕೂ ಒಂದೊಂದೇ ಅಂಕ. ಡಿಸೆಂಬರಿನಲ್ಲಿ ಮತದಾನ ತೆರೆಯುತ್ತದೆ. ಹತ್ತಕ್ಕೆ ಇಳಿಸುವುದೇ ಆ ತಿಂಗಳ ದೊಡ್ಡ ಜಗಳ. ಗೆಳೆಯರು ತಮ್ಮ ತಮ್ಮ ಹತ್ತನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸುತ್ತಾರೆ. ಪ್ರಸಾರದ ದಿನ ಒಂದೊಂದು ಬಂದ ಹಾಗೆ ಗೀಟು ಹಾಕುತ್ತಾರೆ. ಬಾಜಿ ಕಟ್ಟುವ ಕಂಪನಿಗಳು ಮೊದಲ ಸ್ಥಾನದ ಮೇಲೆ ದುಡ್ಡು ಆಡಿಸುತ್ತವೆ. ಗಣಿ ಕೆಲಸದವರು, ಹೊಲದವರು, ದೂರದೂರಿಗೆ ಲಾರಿ ಓಡಿಸುವವರು, ಸಮುದ್ರ ದಂಡೆಯಲ್ಲಿ ಬಿದ್ದುಕೊಂಡವರು, ಎಲ್ಲರಿಗೂ ಆ ಎಂಟು ತಾಸು ಒಂದೇ ಹಾಡು ಒಂದೇ ಕ್ಷಣಕ್ಕೆ ಕೇಳುತ್ತದೆ. ತಮಗೆ ಬೇಕಾದಾಗ ಬೇಕಾದ ಹಾಡು ಹಾಕಿಕೊಳ್ಳುವ ಈ ಕಾಲದಲ್ಲಿ ಅಂಥ ಸಾಮೂಹಿಕ ಕಾಯುವಿಕೆ ಅಪರೂಪದ ಆಸ್ತಿ.

ಇನ್ನು ಮುಜುಗರದ ವರ್ಷಗಳ ವಿಷಯ. 2009ರಲ್ಲಿ, ಪಟ್ಟಿಗೆ ಇಪ್ಪತ್ತು ತುಂಬಿದಾಗ, ಟ್ರಿಪಲ್ ಜೆ ಮತ್ತೆ 'ಸಾರ್ವಕಾಲಿಕ ನೂರು' ಎಣಿಸಿತು. ನಿರ್ವಾಣವೇ ಮತ್ತೆ ಮೊದಲು ಬಂತು. ಜನರನ್ನು ಬೆಚ್ಚಿಬೀಳಿಸಿದ್ದು ಅದಲ್ಲ. ನೂರು ಹಾಡುಗಳಲ್ಲಿ ಹೆಣ್ಣುದನಿಯನ್ನು ಹುಡುಕಿದವರಿಗೆ ಸಿಕ್ಕಿದ್ದು ಇಂಗ್ಲೆಂಡಿನ ಮ್ಯಾಸಿವ್ ಅಟ್ಯಾಕ್ ತಂಡದ ಎರಡು ಹಾಡುಗಳು ಮಾತ್ರ. ಅವುಗಳಲ್ಲೂ ಶಾರಾ ನೆಲ್ಸನ್ ಮತ್ತು ಎಲಿಜಬೆತ್ ಫ್ರೇಜರ್ ಅತಿಥಿ ಗಾಯಕಿಯರು. ತನ್ನದೇ ಹೆಸರಲ್ಲಿ ಹಾಡಿದ ಒಬ್ಬ ಹೆಂಗಸೂ ಇಲ್ಲ, ಹೆಂಗಸು ಮುಂದೆ ನಿಂತು ಹಾಡುವ ಒಂದು ತಂಡವೂ ಇಲ್ಲ. ಹದಿನೈದು ವರ್ಷದ ಹಿಂದೆ ಇದೇ ಕೇಳುಗರು ಮೊದಲ ಸ್ಥಾನಕ್ಕೆ ಏರಿಸಿದ್ದ 'ಝಾಂಬಿ' ಕೂಡ ನಾಪತ್ತೆ.

ಸಿಟ್ಟಿನ ಲೇಖನಗಳು ಬಂದವು. ಮತ ಹಾಕಿದವರನ್ನು ಬೈದವರುಂಟು. ನನಗೆ ತೋರುವುದು ಬೇರೆ: ಕೇಳುಗರು ತಮಗೆ ಕೇಳಿಸಿದ್ದರಲ್ಲೇ ಆರಿಸುತ್ತಾರೆ. ಇಪ್ಪತ್ತು ವರ್ಷ ಗಿಟಾರ್ ಹಿಡಿದ ಗಂಡಸರನ್ನೇ ಹೆಚ್ಚು ಕೇಳಿಸಿದ ರಾಕ್ ಬಾನುಲಿಗಳು ಆ ಕಿವಿಗಳನ್ನು ತಯಾರುಮಾಡಿದ್ದವು. ಪಟ್ಟಿಯನ್ನು ತಿದ್ದಿ ನಾಲ್ಕು ಗಾಯಕಿಯರನ್ನು ಒಳಗೆ ಸೇರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಚರ್ಚೆಯೂ ಹುಟ್ಟುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದ್ದರಿಂದಲೇ ಆ ಕೊರತೆ ಎಲ್ಲರ ಕಣ್ಣಿಗೆ ಬಿತ್ತು. ಸರಿಹೋಗಲು ಮತ್ತೊಂದು ದಶಕ ಹಿಡಿಯಿತು. 2020ರ ಜನವರಿ 25ರಂದು, ಹದಿನೆಂಟು ವರ್ಷದ ಬಿಲ್ಲಿ ಐಲಿಶ್ 'ಬ್ಯಾಡ್ ಗೈ' ಹಾಡಿನೊಂದಿಗೆ ಮೊದಲ ಸ್ಥಾನಕ್ಕೆ ಬಂದಳು. ವಾರ್ಷಿಕ ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳು ಒಂಟಿಯಾಗಿ ಗೆದ್ದದ್ದು ಅದೇ ಮೊದಲು. ಗಮಿಲರಾಯ್ ಬುಡಕಟ್ಟಿನ ತೆಲ್ಮಾ ಪ್ಲಮ್ ತನ್ನ ಮೈಬಣ್ಣದ ಬಗ್ಗೆ ತಲೆಯೆತ್ತಿ ಬರೆದ 'ಬೆಟರ್ ಇನ್ ಬ್ಲಾಕ್' ಅದೇ ವರ್ಷ ಒಂಬತ್ತನೆಯದು. ಆ ವರ್ಷ ಬಿದ್ದ ಮತ 32 ಲಕ್ಷ.

ಎಣಿಕೆಯನ್ನು ಕೆಡಿಸುವ ಯತ್ನಗಳೂ ನಡೆದವು, ಮುಂಚಿತವಾಗಿ ಕದ್ದು ನೋಡುವವರೂ ಇದ್ದರು. 2012ರ ಪಟ್ಟಿಯ ಹೊತ್ತಿಗೆ ಮತ ಹಾಕಿದವರು ತಮ್ಮ ಹತ್ತನ್ನು ಫೇಸ್‌ಬುಕ್, ಟ್ವಿಟರ್‌ಗಳಲ್ಲಿ ಹಂಚಿಕೊಳ್ಳುವ ಗುಂಡಿಯೊಂದನ್ನು ಸ್ಟೇಷನ್ ಕೊಟ್ಟಿತ್ತು. ಬ್ರಿಸ್ಬೇನಿನ ಕೆಲವು ತರುಣರು ಹಾಗೆ ಬಹಿರಂಗವಾದ ಮತಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹೆಕ್ಕಿ ಕೂಡಿಸಿದರು. ಒಟ್ಟು ಮತದಲ್ಲಿ ಅದು ನೂರಕ್ಕೆ ಮೂರರಷ್ಟೂ ಇರಲಿಲ್ಲ. ಆದರೂ ಅವರು 'ವಾರ್ಮೆಸ್ಟ್ 100' ಎಂದು ಹೆಸರಿಟ್ಟು ಮೊದಲೇ ಹೊರಬಿಟ್ಟ ಪಟ್ಟಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಹಾಡುಗಳು ನಿಜವಾದವು. ಮೊದಲ ಮೂರಂತೂ ಅದೇ ಕ್ರಮದಲ್ಲಿ ಬಂದವು. ಚುನಾವಣಾ ಸಮೀಕ್ಷೆ ಮಾಡುವವರು ಅಸೂಯೆಪಡಬೇಕಾದ ಫಲಿತಾಂಶ. ಆದರೆ ಕಾಯುವ ಸುಖವನ್ನೇ ಅದು ಕಸಿದುಕೊಂಡಿತ್ತು. ಮುಂದಿನ ಸಲ ಸ್ಟೇಷನ್ ಹಂಚಿಕೆಯ ವಿಧಾನ ಬದಲಿಸಿತು.

2015ರ ಜನವರಿಯಲ್ಲಿ ಬಂದದ್ದು ದೊಡ್ಡ ಗಲಾಟೆ. ಟೇಲರ್ ಸ್ವಿಫ್ಟ್‌ಳ 'ಶೇಕ್ ಇಟ್ ಆಫ್' ಹಾಡಿಗೆ ಮತ ಹಾಕಿ ಎಂದು ಬಝ್‌ಫೀಡ್ ಜಾಲತಾಣದ ಲೇಖನವೊಂದು ಕಿಡಿ ಹಚ್ಚಿತು. ಟ್ರಿಪಲ್ ಜೆ ಆ ಹಾಡನ್ನು ಎಂದೂ ಪ್ರಸಾರ ಮಾಡುತ್ತಿರಲಿಲ್ಲ. ಅದು ಪಾಪ್, ಎಲ್ಲ ಖಾಸಗಿ ಸ್ಟೇಷನ್ನುಗಳ ದಿನದ ಊಟ. ಅಭಿಯಾನ ಹಬ್ಬಿತು, ಕೆಎಫ್‌ಸಿ ಕೂಡ ಅದರ ಬೆನ್ನೇರಿ ತನ್ನ ಕೋಳಿ ಮಾರಲು ನೋಡಿತು. ಕೊನೆಗೆ ಸ್ಟೇಷನ್ ಹಾಡನ್ನು ಅನರ್ಹಗೊಳಿಸಿತು. ಬಿಟ್ಟಿದ್ದರೆ ಹನ್ನೆರಡನೆಯ ಸ್ಥಾನಕ್ಕೆ ಬರುತ್ತಿತ್ತು ಎಂದೂ ತಾನೇ ಹೇಳಿತು. ಜಾಹೀರಾತಿಲ್ಲದ ಸ್ಟೇಷನ್ನಿಗೆ ಜಾಹೀರಾತಿನವರು ಮತ ಒಟ್ಟುಮಾಡುವುದನ್ನು ತಡೆಯುವ ಹಕ್ಕು ಇದ್ದೇ ಇತ್ತು. ಆದರೆ ತೀರ್ಮಾನ ತಿಳಿಸಿದ ಧಾಟಿ ತಪ್ಪು. ಅದನ್ನು ತಮಾಷೆಯ ಪಟ್ಟಿಯಾಗಿ ಬರೆದು ಹೊರಬಿಟ್ಟರು. ನಿಜವಾಗಿ ಆ ಹಾಡನ್ನು ಮೆಚ್ಚಿ ಮತ ಹಾಕಿದ ಹದಿಹರೆಯದ ಹುಡುಗಿಯರೂ ಇದ್ದರು. ಅವರ ಮೆಚ್ಚುಗೆ ನಗೆಪಾಟಲಾಯಿತು. ಕೇಳುಗರನ್ನು ನಂಬಿದ ಬಾನುಲಿ ಅಂದು ಕೆಲವು ಕೇಳುಗರನ್ನು ಕೀಳಾಗಿ ಕಂಡಿತು.

ಇಷ್ಟಾದ ಮೇಲೆ ತಾರೀಖಿನ ಪ್ರಶ್ನೆ. ತೊಂಬತ್ತರ ದಶಕದ ಕೊನೆಯಿಂದ ಹಾಟೆಸ್ಟ್ 100 ಹೆಚ್ಚಿನ ವರ್ಷಗಳಲ್ಲಿ ಜನವರಿ 26ಕ್ಕೇ ಬರುತ್ತಿತ್ತು. 1788ರ ಆ ದಿನ ಕ್ಯಾಪ್ಟನ್ ಆರ್ಥರ್ ಫಿಲಿಪ್ ಸಿಡ್ನಿ ಕೋವ್‌ನಲ್ಲಿ ಹಡಗಿನಿಂದಿಳಿದು ಬ್ರಿಟನ್ನಿನ ಬಾವುಟ ಏರಿಸಿದ. ಜತೆಗೆ ಬಂದಿದ್ದ ಹಡಗುಗಳ ತುಂಬ ಗಡೀಪಾರಾದ ಕೈದಿಗಳು. ಬಿಳಿಯರಿಗೆ ಅದು ದೇಶದ ಹುಟ್ಟುಹಬ್ಬ. ಸಾವಿರಾರು ತಲೆಮಾರುಗಳಿಂದ ಅಲ್ಲಿ ಬಾಳಿದ್ದವರಿಗೆ ನೆಲ, ನೀರು, ನುಡಿ, ಮಕ್ಕಳು ಒಂದೊಂದಾಗಿ ಕೈಬಿಡತೊಡಗಿದ ದಿನ. ಈ ಮಾತನ್ನು ಅವರು ಈಚೆಗೆ ಕಂಡುಕೊಂಡದ್ದೇನಲ್ಲ. 150 ವರ್ಷದ ಉತ್ಸವ ನಡೆದ 1938ರಲ್ಲೇ ಮೂಲನಿವಾಸಿ ಮುಖಂಡರು ಸಿಡ್ನಿಯಲ್ಲಿ ಸೇರಿ ಅದನ್ನು 'ಶೋಕದಿನ' ಎಂದು ಘೋಷಿಸಿದ್ದರು. 200 ವರ್ಷದ ಉತ್ಸವದ ದಿನ, 1988ರಲ್ಲಿ, ಸಿಡ್ನಿಯ ಬೀದಿಗಳಲ್ಲಿ ಸಾವಿರಾರು ಜನ ಮೆರವಣಿಗೆ ಹೊರಟರು. ಎಲ್ಲ ರಾಜ್ಯಗಳೂ ಒಂದೇ ದಿನ ಆ ರಜೆ ಆಚರಿಸತೊಡಗಿದ್ದಂತೂ 1994ರಿಂದ ಈಚೆಗೆ. ಅಂದರೆ ಬಹಳ ಹಳೆಯದೆಂದು ಹೇಳುವ ಸಂಪ್ರದಾಯಕ್ಕೆ ಹಾಟೆಸ್ಟ್ 100ರಷ್ಟೂ ವಯಸ್ಸಾಗಿಲ್ಲ.

ಅದೇ ತಾರೀಖಿಗೆ ಸಿಡ್ನಿ, ಮೆಲ್ಬರ್ನ್‌ಗಳ ಭಾರತೀಯರು, ಅವರೊಂದಿಗೆ ಅಲ್ಲಿ ನೆಲೆಸಿದ ಕನ್ನಡಿಗರು, ತ್ರಿವರ್ಣ ಧ್ವಜ ಏರಿಸುತ್ತಾರೆ. ಬ್ರಿಟನ್ನಿನ ಬಾವುಟ ಏರಿದ ದಿನ ಅಲ್ಲಿಯವರಿಗೆ; ಬ್ರಿಟನ್ನಿನ ಕಿರೀಟದ ಕೊನೆಯ ಎಳೆಯೂ ಕಳಚಿದ ದಿನ ನಮಗೆ. ನಮ್ಮ ತಾರೀಖೂ ತಾನಾಗಿ ಬಂದದ್ದಲ್ಲ. ಸಂವಿಧಾನ 1949ರ ನವೆಂಬರ್ 26ಕ್ಕೇ ಅಂಗೀಕಾರವಾಗಿತ್ತು. 1930ರ ಜನವರಿ 26ರಂದು ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದ ನೆನಪಿಗಾಗಿ ಎರಡು ತಿಂಗಳು ಕಾದು, ಬೇಕೆಂದೇ ಆ ದಿನ ಜಾರಿಗೆ ತಂದರು. ಹಬ್ಬದ ದಿನವನ್ನು ಒಂದು ದೇಶ ತಿಳಿದು ಆರಿಸಿಕೊಳ್ಳಬಹುದು ಎಂಬುದು ನಮಗೆ ಗೊತ್ತಿರುವ ಸಂಗತಿ.

2017ರಲ್ಲಿ ಟ್ರಿಪಲ್ ಜೆ ತಾರೀಖಿನ ಪ್ರಶ್ನೆಯನ್ನೂ ಕೇಳುಗರ ಮುಂದೆಯೇ ಇಟ್ಟಿತು. ಸುಮಾರು 65 ಸಾವಿರ ಜನ ಉತ್ತರಿಸಿದರು. ನೂರಕ್ಕೆ ಅರವತ್ತು ಜನ ಬದಲಾವಣೆಗೆ ಒಪ್ಪಿದರು. ನವೆಂಬರ್ 27ರಂದು ಪ್ರಕಟಣೆ ಹೊರಬಿತ್ತು: ಮುಂದಿನ ಹಾಟೆಸ್ಟ್ 100 ಜನವರಿ 27, ಶನಿವಾರ. ಒಂದೇ ದಿನದ ಅಂತರ, ಆದರೆ ಗದ್ದಲ ದೊಡ್ಡದು. ಸಂಪರ್ಕ ಖಾತೆಯ ಮಂತ್ರಿ ಮಿಚ್ ಫೈಫೀಲ್ಡ್ ತೀರ್ಮಾನವನ್ನು ಮರುಪರಿಶೀಲಿಸುವಂತೆ ಎಬಿಸಿ ಆಡಳಿತ ಮಂಡಳಿಯನ್ನು ಕೇಳಿದರು. ಸೆನೆಟರ್ ಕೋರಿ ಬರ್ನಾರ್ಡಿಯವರ ಆಸ್ಟ್ರೇಲಿಯನ್ ಕನ್ಸರ್ವೇಟಿವ್ಸ್ ಪಕ್ಷ ಜನವರಿ 26ಕ್ಕೆಂದು ಸ್ಪಾಟಿಫೈನಲ್ಲಿ ತನ್ನದೇ ನೂರು ಹಾಡುಗಳ ಪಟ್ಟಿ ಹಾಕಿತು. ಅದರಲ್ಲಿ ಸೇರಿಸಲಾದ ಹಿಲ್‌ಟಾಪ್ ಹುಡ್ಸ್ ಮೊದಲಾದ ಕಲಾವಿದರೇ ನಮ್ಮ ಹಾಡನ್ನು ನಿಮ್ಮ ರಾಜಕೀಯಕ್ಕೆ ಬಳಸಬೇಡಿ ಎಂದು ಬಹಿರಂಗವಾಗಿ ಸಿಡಿದರು. ಸರ್ಕಾರದ ಹಣದಿಂದ ನಡೆಯುವ ಸ್ಟೇಷನ್ ಸರ್ಕಾರದ ಮಂತ್ರಿಯ ಮಾತಿಗೆ ಮಣಿಯಲಿಲ್ಲ. ಸಾರ್ವಜನಿಕ ಪ್ರಸಾರಕ್ಕೆ ಸ್ವಾಯತ್ತತೆ ಯಾಕೆ ಬೇಕು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕೊಡಲಾರೆ.

ತಾರೀಖು ಬದಲಿಸಿದರೆ ಕೇಳುಗರು ಬಿಟ್ಟುಹೋಗುತ್ತಾರೆ ಎಂದಿದ್ದವರ ಲೆಕ್ಕ ತಪ್ಪಿತು. 2018ರ ಜನವರಿ 27ರ ಪಟ್ಟಿಗೆ ಬಿದ್ದದ್ದು ಸುಮಾರು 23 ಲಕ್ಷ 86 ಸಾವಿರ ಮತ, ಅಲ್ಲಿಯವರೆಗಿನ ದಾಖಲೆ. ಗೆದ್ದವನು ಅಮೆರಿಕದ ರ‍್ಯಾಪ್ ಗಾಯಕ ಕೆಂಡ್ರಿಕ್ ಲಮಾರ್. ಹದಿನೇಳನೆಯ ಸ್ಥಾನದಲ್ಲಿ ಆರ್ನೆಮ್ ಲ್ಯಾಂಡಿನ ಬೇಕರ್ ಬಾಯ್. ಆತ ಹಾಡಿದ್ದು ತನ್ನ ತಾಯ್ನುಡಿ ಯೋಲ್ಙು ಮಾತಾ ಬೆರೆಸಿದ ರ‍್ಯಾಪ್. ಕೆಲವೇ ಸಾವಿರ ಜನರ ನಾಲಗೆಯ ಮೇಲಿರುವ ನುಡಿಯೊಂದು ಲಕ್ಷಾಂತರ ಮತದ ಪಟ್ಟಿಯಲ್ಲಿ ಅಷ್ಟು ಮೇಲೆ ಬಂದದ್ದನ್ನು ಓದಿದಾಗ ನನಗೆ ನಮ್ಮ ಕೊಡವ, ಬ್ಯಾರಿ, ಕೊರಗ ನುಡಿಗಳ ಹಾಡುಗಾರರು ನೆನಪಾದರು. ಅವರ ಹಾಡನ್ನು ಮೊದಲು ಕೇಳಿಸುವ ಸ್ಟೇಷನ್ ಬೇಕು. ಮತದ ಮಾತು ಆಮೇಲಿನದು.

2022ರ ಜನವರಿಯ ಫಲಿತಾಂಶವಂತೂ ಯಾರ ಊಹೆಗೂ ಸಿಕ್ಕಿರಲಿಕ್ಕಿಲ್ಲ. ಗೆದ್ದದ್ದು ವಿಗಲ್ಸ್. 1991ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಈ ತಂಡ ಪುಟ್ಟ ಮಕ್ಕಳಿಗಾಗಿ ಹಾಡುವಂಥದ್ದು. ಬಣ್ಣಬಣ್ಣದ ಅಂಗಿ, ಹಣ್ಣು ತಿನ್ನುವ ಹಾಡು, ಕೈಕಾಲು ಆಡಿಸುವ ಕುಣಿತ. ಟ್ರಿಪಲ್ ಜೆಯಲ್ಲಿ 'ಲೈಕ್ ಎ ವರ್ಷನ್' ಎಂಬ ಕಾರ್ಯಕ್ರಮವಿದೆ; ಕಲಾವಿದರು ಸ್ಟುಡಿಯೊಗೆ ಬಂದು ಬೇರೆಯವರ ಹಾಡನ್ನು ತಮ್ಮ ಶೈಲಿಯಲ್ಲಿ ಹಾಡುತ್ತಾರೆ. 2021ರಲ್ಲಿ ವಿಗಲ್ಸ್ ಅಲ್ಲಿಗೆ ಬಂದು ಪರ್ತ್‌ನ ಟೇಮ್ ಇಂಪಾಲಾದ 'ಎಲಿಫೆಂಟ್' ಹಾಡಿದರು, ನಡುವೆ ತಮ್ಮ ಹಣ್ಣಿನ ಹಾಡನ್ನೂ ಹೆಣೆದರು. ಇನ್ನೊಬ್ಬರ ಹಾಡಿನ ಮರುಗಾಯನ ಮೊದಲ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಇದು ತಮಾಷೆಗೆ ಹಾಕಿದ ಮತ ಎಂದು ಮುಖ ಸಿಂಡರಿಸಿದವರಿದ್ದರು. ಒಂದು ಲೆಕ್ಕ ಹಾಕಿ ನೋಡಿ: 2021ರಲ್ಲಿ ಇಪ್ಪತ್ತೈದು ತುಂಬಿದವರು ವಿಗಲ್ಸ್‌ನ ಎದುರು ಕೂತು ಮಾತು ಕಲಿತ ಪೀಳಿಗೆ. ಎರಡು ವರ್ಷದ ಕೊರೊನಾ, ಲಾಕ್‌ಡೌನು, ಮುಚ್ಚಿದ ಗಡಿಗಳ ನಂತರ ಅವರು ತಮ್ಮ ಬಾಲ್ಯದ ದನಿಯನ್ನು ಆರಿಸಿಕೊಂಡರು. ಅದು ನನಗೆ ಪೂರ್ತಿ ಅರ್ಥವಾಗುವ ಮತ. ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳಿಗೆ ಮತ ಹಾಕುವ ಅವಕಾಶ ಸಿಕ್ಕರೆ ನಮ್ಮಲ್ಲಿ ಎಷ್ಟು ಜನ ಹಿಂಜರಿಯುತ್ತೇವೆ?

ಈಗಿನ ಚಿಂತೆ ಬೇರೆ. 2016ರ ಪಟ್ಟಿಯಲ್ಲಿ ಅರವತ್ತಕ್ಕೂ ಹೆಚ್ಚು ಹಾಡುಗಳು ಸ್ವದೇಶಿ. 2024ರದರಲ್ಲಿ ಮೂವತ್ತಕ್ಕೂ ಕಡಿಮೆ. ಯುವಜನರಿಗೆ ಹೊಸ ಹಾಡನ್ನು ಪರಿಚಯಿಸುವ ಕೆಲಸ ಸ್ಟೇಷನ್ನಿನ ಕೈಯಿಂದ ಫೋನಿನ ಆ್ಯಪ್‌ಗಳಿಗೆ ದಾಟಿದೆ. ಆ ಆ್ಯಪ್‌ಗಳಿಗೆ ಫಿನ್ಲಿಯೂ ಗೊತ್ತಿಲ್ಲ, ಲಿಸ್ಮೋರೂ ಗೊತ್ತಿಲ್ಲ. ಇದಕ್ಕೆ ಟ್ರಿಪಲ್ ಜೆ ಕೊಟ್ಟ ಒಂದು ಉತ್ತರ 2025ರ ಜುಲೈ 26ರದು. ತನ್ನ ಐವತ್ತರ ಸಂಭ್ರಮಕ್ಕೆ ಆಸ್ಟ್ರೇಲಿಯಾದ ಹಾಡುಗಳನ್ನಷ್ಟೇ ಸೇರಿಸಿ ಸಾರ್ವಕಾಲಿಕ ನೂರನ್ನು ಎಣಿಸಿತು. ಮೊದಲು ಬಂದದ್ದು ಐಎನ್‌ಎಕ್ಸ್‌ಎಸ್ ತಂಡ 1987ರ 'ಕಿಕ್' ಆಲ್ಬಮ್ಮಿನಲ್ಲಿ ಹಾಡಿದ 'ನೆವರ್ ಟೇರ್ ಅಸ್ ಅಪಾರ್ಟ್'. ಅದನ್ನು ಹಾಡಿದ ಮೈಕಲ್ ಹಚಿನ್ಸ್ 1997ರಲ್ಲೇ ತೀರಿಕೊಂಡಿದ್ದ. ಮೂರನೆಯದು ಬ್ರಿಸ್ಬೇನಿನ ಅವಳಿ ಸೋದರಿಯರ ವೆರೋನಿಕಾಸ್ ತಂಡದ 'ಅನ್‌ಟಚ್ಡ್'. 2009ರ ನೂರರಲ್ಲಿ ಅತಿಥಿಯಾಗಿ ಮಾತ್ರ ಇದ್ದ ಹೆಣ್ಣುದನಿ ಈ ಸಲ ಮೊದಲ ಮೂರರಲ್ಲಿತ್ತು.

ವಾರ್ಷಿಕ ಪಟ್ಟಿ ಈಗ ಜನವರಿಯ ನಾಲ್ಕನೆಯ ವಾರಾಂತ್ಯಕ್ಕೆ, ಸಾಮಾನ್ಯವಾಗಿ ಶನಿವಾರ, ಬರುತ್ತದೆ. ಸಿಡ್ನಿಯ ನಡುಮಧ್ಯಾಹ್ನವೆಂದರೆ ನಮ್ಮ ಬೆಳಗಿನ ಆರೂವರೆ. ಟ್ರಿಪಲ್ ಜೆ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಹಾಡುಗಳು ಒಂದೂ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಕಾಫಿ ಹೊತ್ತಿಗೆ ಹಾಕಿಟ್ಟುಕೊಂಡು ಒಮ್ಮೆ ಕೇಳಿ. ಮೊದಲ ಸ್ಥಾನದ ಹಾಡು ಬರುವುದು ನಮ್ಮ ಊಟ ಮುಗಿಯುವ ಹೊತ್ತಿಗೆ.